ಟರ್ಮಿನಲ್‌ನಲ್ಲಿ ಎಐ ಕೋಡಿಂಗ್ ಸಹಾಯಕ: ಏಡರ್, ಕ್ಲಾಡ್ ಕೋಡ್, ಕೋಡೆಕ್ಸ್, ಜೆಮಿನಿ – ಯಾರಿಗೆ ಯಾವುದು?

ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗೆ ತೂಕದ ಚೀಟಿಯ ಸಾಫ್ಟ್‌ವೇರ್ ನೋಡಿಕೊಳ್ಳುವವರು, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುವವರು, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದವರು: ಈ ಮೂವರ ಮುಂದೆಯೂ ಬಹುಮಟ್ಟಿಗೆ ಒಂದೇ ಸರಂಜಾಮು ಇರುತ್ತದೆ. 8 ಇಲ್ಲವೇ 16 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್, ಮತ್ತೊಬ್ಬರು ಬರೆದಿಟ್ಟು ಹೋದ ಪಿಎಚ್‌ಪಿ ಅಥವಾ ಪೈಥಾನ್ ಕೋಡ್. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಕೋಡ್ ಓದಿ ತಿದ್ದಿಕೊಡುವ ನಾಲ್ಕು ಎಐ ಸಹಾಯಕಗಳಲ್ಲಿ ಯಾವುದನ್ನು ಆರಿಸಬೇಕೆಂದು ಹೇಳುವ ಈ ಮಾರ್ಗದರ್ಶಿ ಅವರಿಗಾಗಿ.

ಈ ಸಾಧನಗಳ ಹಿಂದಿರುವ ಮಾಡೆಲ್‌ಗಳು (ಉತ್ತರ, ಕೋಡ್ ಬರೆಯುವ ಎಐ) ಕೆಲವೇ ತಿಂಗಳಿಗೊಮ್ಮೆ ಬದಲಾಗುತ್ತವೆ. ಇವತ್ತು ಯಾವುದು ಹೆಚ್ಚು ಜಾಣ ಎಂದು ನೋಡಿ ಆರಿಸಿದರೆ ಆ ಆಯ್ಕೆ ಬೇಗ ಹಳತಾಗುತ್ತದೆ. ಅದರ ಬದಲು ಹೀಗೆ ಕೇಳಿಕೊಳ್ಳಿ: ಇದು ನಮ್ಮನ್ನು ಕೇಳದೆ ಏನೇನು ಮಾಡುತ್ತದೆ? ಮಾಡಿದ್ದನ್ನು ಹಿಂದಕ್ಕೆ ತರುವುದು ಹೇಗೆ? ಕೋಡ್ ಯಾರ ಸರ್ವರ್‌ಗೆ ಹೋಗುತ್ತದೆ? ಬಿಲ್ ಯಾವ ಕಾರಣಕ್ಕೆ ಏರುತ್ತದೆ? ನಮ್ಮ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಏಡರ್: ಹಗ್ಗ ನಿಮ್ಮ ಕೈಯಲ್ಲೇ

ಏಡರ್ 2023ರಿಂದ ಇರುವ ಮುಕ್ತ ತಂತ್ರಾಂಶ. ಪೈಥಾನ್‌ನಲ್ಲಿ ಬರೆದದ್ದು, ಅಪಾಚೆ 2.0 ಪರವಾನಗಿ. ಇದಕ್ಕೆ ಸ್ವಂತ ಮಾಡೆಲ್ ಇಲ್ಲ. ಆಂಥ್ರಾಪಿಕ್, ಓಪನ್‌ಎಐ, ಗೂಗಲ್, ಓಪನ್‌ರೌಟರ್ (ಹಲವು ಕಂಪನಿಗಳ ಮಾಡೆಲ್ ಒಂದೇ ಕಡೆ ಕೊಡುವ ಸೇವೆ), ಯಾವುದರ ಎಪಿಐ ಕೀ (ನಿಮ್ಮ ಖಾತೆಯ ಗುಪ್ತ ಸಂಕೇತ) ಕೊಟ್ಟರೂ ನಡೆಯುತ್ತದೆ. ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಮಾಡೆಲ್ ಓಡಿಸುವ ಒಲ್ಲಾಮಾ ಜೊತೆಗೂ ನಡೆಯುತ್ತದೆ.

ಉಳಿದವುಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಏಡರ್ ತಾನಾಗಿ ಪ್ರಾಜೆಕ್ಟ್ ತುಂಬ ಓಡಾಡುವುದಿಲ್ಲ. ಯಾವ ಫೈಲ್ ತಿದ್ದಬೇಕೋ ಅದನ್ನು ನೀವು ‘ಸ್ಲಾಶ್ ಆಡ್’ ಎಂದು ಸೇರಿಸಬೇಕು, ಬೇಡವಾದಾಗ ‘ಸ್ಲಾಶ್ ಡ್ರಾಪ್’ ಎಂದು ತೆಗೆಯಬೇಕು. ಉಳಿದ ಫೈಲ್‌ಗಳ ಬಗ್ಗೆ ಅದಕ್ಕೆ ಸಿಗುವುದು ಒಂದು ನಕ್ಷೆ ಮಾತ್ರ: ಯಾವ ಫೈಲ್‌ನಲ್ಲಿ ಯಾವ ಕ್ಲಾಸ್, ಯಾವ ಫಂಕ್ಷನ್ ಇದೆ ಎಂಬುದು. ಇದರಿಂದ ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು, ಬಿಲ್ ಲೆಕ್ಕವೂ ಇದರ ಮೇಲೆ) ಉಳಿಯುತ್ತದೆ. ಆದರೆ ಯಾವ ಫೈಲ್ ಬೇಕೆಂಬುದು ನಿಮಗೆ ಗೊತ್ತಿರಬೇಕು. ಬೇರೆಯವರು ಬರೆದ 40 ಫೈಲ್‌ಗಳ ಕೋಡ್ ಇವತ್ತಷ್ಟೇ ಕೈಗೆ ಬಂದಿದ್ದರೆ ಏಡರ್‌ನೊಂದಿಗೆ ಶುರು ಮಾಡುವುದು ಕಷ್ಟ.

ಹಿಂದಕ್ಕೆ ತರುವ ವಿಷಯದಲ್ಲಿ ಇದನ್ನು ಮೀರಿಸುವುದು ಇಲ್ಲ. ಪ್ರತಿ ಬದಲಾವಣೆಯನ್ನೂ ಏಡರ್ ಆ ಕೂಡಲೇ ಗಿಟ್‌ನಲ್ಲಿ (ಕೋಡ್‌ನ ಹಳೆಯ ಆವೃತ್ತಿಗಳನ್ನು ಕಾಪಾಡುವ ತಂತ್ರಾಂಶ) ಕಮಿಟ್ ಮಾಡುತ್ತದೆ, ಅಂದರೆ ದಾಖಲಿಸುತ್ತದೆ. ತಿದ್ದಬೇಕಾದ ಫೈಲ್‌ನಲ್ಲಿ ನಿಮ್ಮ ಅರ್ಧಂಬರ್ಧ ಕೆಲಸ ಇದ್ದರೆ ಮೊದಲು ಅದನ್ನು ಬೇರೆ ಕಮಿಟ್ ಮಾಡಿ, ನಂತರ ತನ್ನ ಕೈ ಹಾಕುತ್ತದೆ. ‘ಸ್ಲಾಶ್ ಅನ್‌ಡು’ ಎಂದರೆ ಅದರ ಕೊನೆಯ ಕಮಿಟ್ ಹೋಗುತ್ತದೆ, ನಿಮ್ಮದು ಉಳಿಯುತ್ತದೆ. ಕಮಿಟ್‌ಗಳು ರಾಶಿ ಬೀಳುವುದು ಬೇಡವಾದರೆ ಬೇರೆ ಬ್ರಾಂಚ್‌ನಲ್ಲಿ ಕೆಲಸ ಮಾಡಿ, ಮುಗಿದ ಮೇಲೆ ಎಲ್ಲವನ್ನೂ ಒಂದೇ ಕಮಿಟ್ ಆಗಿ ಕೂಡಿಸಿ. ಕಮಿಟ್ ನಿಲ್ಲಿಸುವ ಆಯ್ಕೆಯೂ ಇದೆ. ಹೊಸಬರು ಅದನ್ನು ಮುಟ್ಟದಿರುವುದು ಒಳ್ಳೆಯದು.

ಹಾಕಿಕೊಳ್ಳುವಾಗ ನೇರವಾಗಿ ನಿಮ್ಮ ಪ್ರಾಜೆಕ್ಟಿನ ಪೈಥಾನ್‌ಗೆ ಸೇರಿಸಬೇಡಿ, ಲೈಬ್ರರಿಗಳ ಆವೃತ್ತಿ ತಿಕ್ಕಾಟಕ್ಕೆ ಬೀಳುತ್ತವೆ. ‘ಏಡರ್-ಇನ್‌ಸ್ಟಾಲ್’ ಎಂಬ ಪುಟ್ಟ ಪ್ಯಾಕೇಜ್ ಅದಕ್ಕೆ ಪ್ರತ್ಯೇಕ ಜಾಗ ಮಾಡಿ ಕೂಡಿಸುತ್ತದೆ.

ಕ್ಲಾಡ್ ಕೋಡ್: ತಾನೇ ಹುಡುಕಿ ತಾನೇ ತಿದ್ದುವುದು

ಆಂಥ್ರಾಪಿಕ್ ಇದನ್ನು 2025ರ ಫೆಬ್ರವರಿಯಲ್ಲಿ ಪ್ರಾಯೋಗಿಕವಾಗಿ, ಮೇ ತಿಂಗಳಲ್ಲಿ ಎಲ್ಲರಿಗೂ ಬಿಟ್ಟಿತು. ‘ಕಬ್ಬಿನ ಬಿಲ್ಲಿನಲ್ಲಿ ಸಾಗಣೆ ಕಡಿತ ಎರಡು ಸಲ ಆಗುತ್ತಿದೆ, ಎಲ್ಲಿ ನೋಡು’ ಎಂದರೆ ಸಾಕು. ಫೈಲ್‌ಗಳಲ್ಲಿ ಪದ ಹುಡುಕಿ, ಓದಿ, ತಿದ್ದಿ, ಟೆಸ್ಟ್ ಓಡಿಸಿ, ತಪ್ಪಿದ್ದರೆ ಮತ್ತೆ ತಿದ್ದುತ್ತದೆ. ಗುರುತಿಲ್ಲದ ಹಳೆಯ ಕೋಡ್ ಅರ್ಥ ಮಾಡಿಕೊಳ್ಳಲು ನಮ್ಮ ಮೊದಲ ಆಯ್ಕೆ ಇದೇ.

ಓದುವುದಕ್ಕೆ ಅದು ಕೇಳುವುದಿಲ್ಲ. ಫೈಲ್ ತಿದ್ದಲು, ಕಮಾಂಡ್ ಓಡಿಸಲು ಕೇಳುತ್ತದೆ. ಹತ್ತು ಸಲ ಕೇಳಿದ ಮೇಲೆ ಬೇಸತ್ತು ‘ಇನ್ನು ಕೇಳಬೇಡ’ ಎಂದು ಒತ್ತುವುದು ಸಹಜ, ಅವಘಡ ಶುರುವಾಗುವುದೂ ಅಲ್ಲೇ. ಅನುಮತಿ ಪರಿಶೀಲಿಸುವುದು ಕಮಾಂಡಿನ ಹೆಸರನ್ನು. ಆ ಕಮಾಂಡ್ ಒಳಗೊಳಗೆ ಏನು ಮಾಡುತ್ತದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಉದಾಹರಣೆಗೆ ಪಿಎಚ್‌ಪಿಯ ಚೌಕಟ್ಟಾದ ಲಾರಾವೆಲ್‌ನ ಟೆಸ್ಟ್‌ಗಳಲ್ಲಿ ‘ರಿಫ್ರೆಶ್ ಡೇಟಾಬೇಸ್’ ಬಳಸಿದ್ದರೆ ಟೆಸ್ಟ್ ಓಡಿದಾಗ ಎಲ್ಲ ಟೇಬಲ್ ಅಳಿಸಿ ಹೊಸದಾಗಿ ಕಟ್ಟಲಾಗುತ್ತದೆ. ಎನ್ವ್ ಫೈಲಿನಲ್ಲಿ (ವಿಳಾಸ, ಪಾಸ್‌ವರ್ಡ್ ಬರೆದಿಡುವ ಸೆಟ್ಟಿಂಗ್ ಫೈಲ್) ಕಾರ್ಖಾನೆಯ ಅಸಲಿ ಡೇಟಾಬೇಸ್ ವಿಳಾಸ ಇದ್ದು, ಟೆಸ್ಟ್‌ಗೆ ಬೇರೆ ಡೇಟಾಬೇಸ್ ಗೊತ್ತುಮಾಡಿರದಿದ್ದರೆ ಹಂಗಾಮಿನ ಮಧ್ಯದಲ್ಲಿ ತೂಕದ ದಾಖಲೆ ಪೂರ್ತಿ ಹೋಗುತ್ತದೆ. ಯಾವ ಸಹಾಯಕ ಬಳಸಿದರೂ ಈ ಅಪಾಯ ಒಂದೇ. ಪರಿಹಾರ ಡೇಟಾಬೇಸ್‌ನ ಕಡೆಯಿಂದಲೇ ಬರಬೇಕು: ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಸಲಿ ಸರ್ವರ್‌ನ ಪಾಸ್‌ವರ್ಡ್ ಇರಲೇಬಾರದು, ಇರಲೇಬೇಕಾದರೆ ಓದುವ ಹಕ್ಕು ಮಾತ್ರ ಇರುವ ಬೇರೆ ಬಳಕೆದಾರನದ್ದಿರಲಿ.

ಶಿಫ್ಟ್-ಟ್ಯಾಬ್ ಒತ್ತುತ್ತ ಹೋದರೆ ಪ್ಲಾನ್ ಮೋಡ್ ಸಿಗುತ್ತದೆ. ಅದರಲ್ಲಿ ಸಹಾಯಕ ಓದುತ್ತದೆ, ಯೋಜನೆ ಹೇಳುತ್ತದೆ, ಏನನ್ನೂ ತಿದ್ದುವುದಿಲ್ಲ. ಮೂರಕ್ಕಿಂತ ಹೆಚ್ಚು ಫೈಲ್ ಮುಟ್ಟುವ ಕೆಲಸವನ್ನು ಇಲ್ಲಿಂದಲೇ ಶುರು ಮಾಡಿ. ಯೋಜನೆಯಲ್ಲಿ ನಿಮಗೆ ಪರಿಚಯವಿಲ್ಲದ ಫೈಲ್ ಹೆಸರು ಬಂದರೆ ಅಲ್ಲೇ ನಿಲ್ಲಿಸಿ ಕೇಳಿ.

‘ಸ್ಲಾಶ್ ರಿವೈಂಡ್’ ಎಂದರೆ ಹಿಂದಿನ ಹಂತಕ್ಕೆ ಮರಳಬಹುದು. ಒಂದು ಮಿತಿ ಇದೆ: ಸಹಾಯಕ ತನ್ನ ತಿದ್ದುವ ಸಾಧನದಿಂದ ಮಾಡಿದ ಬದಲಾವಣೆ ಮಾತ್ರ ಮರಳುತ್ತದೆ. ಶೆಲ್ ಕಮಾಂಡ್‌ನಿಂದ ಅಳಿಸಿದ, ಜರುಗಿಸಿದ ಫೈಲ್‌ಗಳ ಲೆಕ್ಕ ಅದರಲ್ಲಿರುವುದಿಲ್ಲ. ಆದ್ದರಿಂದ ರಿವೈಂಡ್ ಇದೆ ಎಂದು ಗಿಟ್ ಕಮಿಟ್ ಬಿಡಬೇಡಿ.

ಕೋಡೆಕ್ಸ್: ಬೇಲಿಯೊಳಗೆ ಕೆಲಸ

ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ (ಸಿಎಲ್‌ಐ ಎಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟು ಬಳಸುವುದು) 2025ರ ಏಪ್ರಿಲ್‌ನಲ್ಲಿ ಬಂತು. ಮುಕ್ತ ತಂತ್ರಾಂಶ, ನಂತರ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಚಾಟ್‌ಜಿಪಿಟಿಯ ಹಣ ಕಟ್ಟಿದ ಖಾತೆ ಈಗಾಗಲೇ ಇದ್ದರೆ ಅದರಿಂದಲೇ ಒಳಗೆ ಹೋಗಬಹುದು.

ಇದರ ವಿಶೇಷ ಆಪರೇಟಿಂಗ್ ಸಿಸ್ಟಂ ಮಟ್ಟದ ಬೇಲಿ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಬರೆಯಲು ಬಿಡುವ ಮೋಡ್‌ನಲ್ಲೂ ಹೊರಗಿನ ಫೋಲ್ಡರ್‌ಗೆ ಬರೆಯಲು ಬಿಡುವುದಿಲ್ಲ, ಇಂಟರ್ನೆಟ್ ಸಹ ಮೊದಲಿಗೆ ಬಂದ್ ಇರುತ್ತದೆ. ಹೊಸಬರು ಇಲ್ಲಿಯೇ ಗಾಬರಿಯಾಗುತ್ತಾರೆ: ಕಂಪೋಸರ್ ಅಥವಾ ಎನ್‌ಪಿಎಂ ಪ್ಯಾಕೇಜ್ ಇಳಿಸಲು ಹೋದಾಗ ನೆಟ್‌ವರ್ಕ್ ದೋಷ ಬರುತ್ತದೆ, ಹಾಟ್‌ಸ್ಪಾಟ್ ಕೈಕೊಟ್ಟಿತೆಂದು ಫೋನ್ ರೀಸ್ಟಾರ್ಟ್ ಮಾಡುತ್ತಾರೆ. ಪ್ಯಾಕೇಜ್‌ಗಳನ್ನು ನೀವೇ ಬೇರೆ ಟರ್ಮಿನಲ್‌ನಲ್ಲಿ ಇಳಿಸಿ, ಅಥವಾ ಆ ಒಂದು ಕಮಾಂಡ್‌ಗೆ ಅನುಮತಿ ಕೊಡಿ. ಇಡೀ ಬೇಲಿಯನ್ನೇ ಕಿತ್ತೊಗೆಯುವ ಆಯ್ಕೆ ಬೇಡ.

ಗಿರಾಕಿಯ ಕೋಡ್ ಮುಟ್ಟುವವರಿಗೆ, ಅದರಲ್ಲೂ ಪ್ರತಿ ಸಲ ಅನುಮತಿ ಒತ್ತಿ ಬೇಸರವಾಗುವವರಿಗೆ, ಈ ವ್ಯವಸ್ಥೆ ಹೆಚ್ಚು ಹೊಂದುತ್ತದೆ. ಬೇಲಿ ಗಟ್ಟಿಯಿದ್ದರೆ ಒಳಗೆ ಸ್ವಲ್ಪ ಸಡಿಲ ಬಿಡಬಹುದು.

ಜೆಮಿನಿ ಸಿಎಲ್‌ಐ

ಗೂಗಲ್ 2025ರ ಜೂನ್‌ನಲ್ಲಿ ಬಿಡುಗಡೆ ಮಾಡಿದಾಗ ವೈಯಕ್ತಿಕ ಖಾತೆಗೆ ನಿಮಿಷಕ್ಕೆ 60, ದಿನಕ್ಕೆ 1,000 ವಿನಂತಿಗಳನ್ನು ಉಚಿತವಾಗಿ ಘೋಷಿಸಿತು. ಇಂಥ ಮಿತಿಗಳು ಬದಲಾಗುತ್ತವೆ, ಹಾಕಿಕೊಳ್ಳುವ ದಿನ ನೋಡಿಕೊಳ್ಳಿ. ಇನ್ನೊಂದು ಗಮನಿಸಿ: ನೀವು ಕೇಳಿದ ಒಂದು ಪ್ರಶ್ನೆ ಒಂದು ವಿನಂತಿ ಆಗಿರುವುದಿಲ್ಲ. ಹುಡುಕು, ಓದು, ತಿದ್ದು, ಓಡಿಸು ಎಂದು ಪ್ರತಿ ಹೆಜ್ಜೆಗೂ ಒಂದೊಂದು ಖರ್ಚಾಗುತ್ತದೆ. ಉಚಿತ ಖಾತೆಯಲ್ಲಿ ನಿಮ್ಮ ಕೋಡನ್ನು ಗೂಗಲ್ ತನ್ನ ಉತ್ಪನ್ನ ಸುಧಾರಣೆಗೆ ಬಳಸುವ ಷರತ್ತು ಇರುತ್ತದೆ. ಕಾಲೇಜು ಪ್ರಾಜೆಕ್ಟ್‌ಗೆ ಅಡ್ಡಿಯಿಲ್ಲ, ಸೊಸೈಟಿಯ ಸಾಲದ ಲೆಕ್ಕಕ್ಕೆ ಸಲ್ಲದು. ಹಿಂದಕ್ಕೆ ತರುವ ಚೆಕ್‌ಪಾಯಿಂಟ್ ಸೌಲಭ್ಯ ಇದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೀವೇ ಹಾಕಬೇಕು.

ಬಿಲ್ ಏರುವುದು ಎಲ್ಲಿ

ತಿಂಗಳ ಚಂದಾ ಆದರೆ ಕ್ಲಾಡ್‌ನ ಪ್ರೊ, ಚಾಟ್‌ಜಿಪಿಟಿಯ ಪ್ಲಸ್ ಎರಡಕ್ಕೂ ಮೂಲ ದರ 20 ಡಾಲರ್ ಆಸುಪಾಸು. ಮಿತಿ ಮುಗಿದರೆ ಕಾಯಬೇಕು, ಆದರೆ ಬಿಲ್ ಗೊತ್ತಿದ್ದಷ್ಟೇ ಇರುತ್ತದೆ. ಎಪಿಐ ಕೀ ಆದರೆ ಬಳಸಿದಷ್ಟಕ್ಕೆ ದುಡ್ಡು.

ಎಪಿಐ ಲೆಕ್ಕ ಹೀಗೆ. 2025ರಲ್ಲಿ ಕ್ಲಾಡ್ ಸಾನೆಟ್ 4 ಎಂಬ ಮಾಡೆಲ್‌ನ ದರ ಹತ್ತು ಲಕ್ಷ ಟೋಕನ್ ಕಳಿಸಿದ್ದಕ್ಕೆ 3 ಡಾಲರ್, ಬರೆದುಕೊಟ್ಟಿದ್ದಕ್ಕೆ 15 ಡಾಲರ್ ಇತ್ತು. ಆ ದರದಲ್ಲಿ ಲೆಕ್ಕ ಹಾಕೋಣ. 300 ಸಾಲಿನ ಒಂದು ಫೈಲ್ ಸುಮಾರು 3,000 ಟೋಕನ್ ಎಂದು ಹಿಡಿದರೆ, 20 ಫೈಲ್ ಓದಿದಾಗ 60,000. ಮಾಡೆಲ್‌ಗೆ ನೆನಪಿರುವುದಿಲ್ಲವಾದ್ದರಿಂದ ಪ್ರತಿ ಹೆಜ್ಜೆಯಲ್ಲೂ ಹಿಂದಿನದ್ದೆಲ್ಲ ಮತ್ತೆ ಹೋಗುತ್ತದೆ. ಕ್ಯಾಶ್ (ಹಿಂದೆ ಕಳಿಸಿದ್ದನ್ನು ಸರ್ವರ್ ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ತಾತ್ಕಾಲಿಕ ಸಂಗ್ರಹ, ನಗದಲ್ಲ) ಇಲ್ಲದಿದ್ದರೆ ಪ್ರತಿ ಹೆಜ್ಜೆಗೆ 18 ಸೆಂಟ್. ಕ್ಯಾಶ್ ಇದ್ದರೆ ಮೊದಲ ಸಲ ಕಾಲುಭಾಗ ಹೆಚ್ಚು, ಅಂದರೆ 22.5 ಸೆಂಟ್, ನಂತರ ಹತ್ತನೇ ಒಂದು ಭಾಗ, 1.8 ಸೆಂಟ್. ಆದರೆ ಆ ಕ್ಯಾಶ್‌ನ ಆಯುಷ್ಯ ಸಾಮಾನ್ಯವಾಗಿ 5 ನಿಮಿಷ. ಕರೆಂಟ್ ಹೋಗಿ ರೌಟರ್ ಆರಿ, ಚಹಾ ಕುಡಿದು ಬಂದು ಮುಂದುವರಿಸಿದರೆ ಆ 22.5 ಸೆಂಟ್ ಮತ್ತೆ ಬೀಳುತ್ತದೆ.

ಇದರಿಂದ ತಿಳಿಯಬೇಕಾದ್ದು: ಒಂದು ಕೆಲಸ ಮುಗಿದ ಕೂಡಲೇ ಮಾತುಕತೆ ಖಾಲಿ ಮಾಡಿ (‘ಸ್ಲಾಶ್ ಕ್ಲಿಯರ್’), ಹೊಸದಕ್ಕೆ ಹೊಸ ಮಾತುಕತೆ. ಬೆಳಗಿನಿಂದ ಸಂಜೆವರೆಗೆ ಒಂದೇ ಸೆಷನ್ ಎಳೆದರೆ ಬಿಲ್ ಏರುವುದಷ್ಟೇ ಅಲ್ಲ, ಮಾಡೆಲ್ ಹಳೆಯ ವಿಷಯ ಹೊಸದಕ್ಕೆ ಬೆರೆಸತೊಡಗುತ್ತದೆ. ಎಪಿಐ ಖಾತೆಗೆ ಮೊದಲೇ ಸ್ವಲ್ಪ ದುಡ್ಡು ತುಂಬಿ, ತಾನಾಗಿ ಮರುಭರ್ತಿಯಾಗುವ ಆಯ್ಕೆ ಬಂದ್ ಇಡಿ. ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಚಾಲೂ ಇರದಿದ್ದರೆ ಪಾವತಿ ತಿರಸ್ಕಾರವಾಗುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ಮೊದಲು ಅದನ್ನು ನೋಡಿ.

ಡೇಟಾ ಪ್ಯಾಕ್ ಬಗ್ಗೆ ಚಿಂತೆ ಬೇಡ. ಹೋಗುವುದು ಬರುವುದು ಬರೀ ಪಠ್ಯ. 60,000 ಟೋಕನ್ ಎಂದರೂ ಸುಮಾರು ಕಾಲು ಎಂಬಿ. ನೂರು ಹೆಜ್ಜೆಗೆ 25 ಎಂಬಿ ಹಿಡಿಯಿರಿ. ತೊಂದರೆ ಕೊಡುವುದು ಸಂಪರ್ಕ ಕಡಿಯುವುದು. ದೂರದ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುವವರು ಟಿಮಕ್ಸ್ ಒಳಗೆ ಸಹಾಯಕವನ್ನು ಶುರು ಮಾಡಿದರೆ ಸಂಪರ್ಕ ಕಡಿದರೂ ಅದು ಅಲ್ಲಿಯೇ ನಡೆಯುತ್ತಿರುತ್ತದೆ, ಮರಳಿ ಸೇರಿಕೊಳ್ಳಬಹುದು.

ಹೊರಗೆ ಕಳಿಸಲೇಬಾರದ ಕೋಡ್ ಇದ್ದರೆ: ಒಲ್ಲಾಮಾ

ಆಗ ಮಾಡೆಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಬೇಕು. ಇದರ ಬಗ್ಗೆ ದೊಡ್ಡ ಆಸೆ ಇಟ್ಟುಕೊಂಡು ಬರುವವರು ಬಹಳ, ಅದಕ್ಕೇ ಲೆಕ್ಕ ಬಿಡಿಸಿ ಹೇಳಬೇಕು.

ಕ್ವೆನ್ 2.5 ಕೋಡರ್‌ನ 7ಬಿ ಮಾಡೆಲ್ ಒಲ್ಲಾಮಾದಲ್ಲಿ 4.7 ಜಿಬಿ (ಇಲ್ಲಿ ‘ಬಿ’ ಎಂದರೆ ಬಿಲಿಯನ್, ಮಾಡೆಲ್‌ನ ಗಾತ್ರದ ಅಳತೆ). 14ಬಿ ಸುಮಾರು 9 ಜಿಬಿ, 32ಬಿ ಸುಮಾರು 20 ಜಿಬಿ. ವಿಂಡೋಸ್ ಮತ್ತು ಬ್ರೌಸರ್ ಕೂಡಿ 4-5 ಜಿಬಿ ತಿನ್ನುವ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ 7ಬಿ ಹಾಕಿದರೆ ಡಿಸ್ಕ್‌ಗೆ ಎಳೆದಾಡಿ ಯಂತ್ರವೇ ನಿಲ್ಲುತ್ತದೆ. 16 ಜಿಬಿ ಬೇಕೇ ಬೇಕು.

ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದಾಗ ವೇಗ ನಿರ್ಧರಿಸುವುದು ರ‍್ಯಾಮ್‌ನ ವೇಗ, ಏಕೆಂದರೆ ಒಂದೊಂದು ಟೋಕನ್ ಬರೆಯಲೂ ಇಡೀ ಮಾಡೆಲ್ ಒಮ್ಮೆ ರ‍್ಯಾಮ್‌ನಿಂದ ಹಾದುಹೋಗಬೇಕು. ಡಿಡಿಆರ್4-3200 ರ‍್ಯಾಮ್‌ನ ಒಂದೇ ಪಟ್ಟಿ (ಸ್ಟಿಕ್) ಇದ್ದರೆ ಸೆಕೆಂಡಿಗೆ 25.6 ಜಿಬಿ, 4.7ರಿಂದ ಭಾಗಿಸಿದರೆ ಹೆಚ್ಚೆಂದರೆ 5 ಟೋಕನ್. ಎರಡು ಪಟ್ಟಿ ಇದ್ದರೆ 51.2 ಜಿಬಿ, ಹೆಚ್ಚೆಂದರೆ 10. ಖಾಲಿ ಸ್ಲಾಟ್ ಇರುವ ಲ್ಯಾಪ್‌ಟಾಪ್‌ಗೆ ಅಷ್ಟೇ ಗಾತ್ರದ ಇನ್ನೊಂದು ಪಟ್ಟಿ ಹಾಕಿಸಿದರೆ ಜಾಗವೂ ವೇಗವೂ ದುಪ್ಪಟ್ಟಾಗುವುದು ಇದರಿಂದಲೇ. ಹೊಸ ಯಂತ್ರ ಕೊಳ್ಳುವ ಮೊದಲು ಇದನ್ನು ಮಾಡಿಸಿ ನೋಡಿ.

ಮುಂದಿನ ತೊಡಕು ಗಮನಕ್ಕೇ ಬರುವುದಿಲ್ಲ. ಒಲ್ಲಾಮಾ ತಾನಾಗಿ ಇಟ್ಟುಕೊಳ್ಳುವ ಕಾಂಟೆಕ್ಸ್ಟ್ (ಮಾಡೆಲ್ ಒಮ್ಮೆಗೆ ನೋಡಬಲ್ಲ ಪಠ್ಯದ ಅಳತೆ) ಚಿಕ್ಕದು. ಮೊದಲು 2,048 ಟೋಕನ್ ಇತ್ತು, ನಂತರ 4,096 ಆಯಿತು. ಅದಕ್ಕಿಂತ ಹೆಚ್ಚು ಕಳಿಸಿದರೆ ದೋಷ ತೋರಿಸದೆ ಉಳಿದದ್ದನ್ನು ಕತ್ತರಿಸಿಬಿಡುತ್ತದೆ. ನೀವು ಕೊಟ್ಟ ಫೈಲ್ ಮಾಡೆಲ್‌ಗೆ ಕಂಡೇ ಇರುವುದಿಲ್ಲ, ಇಲ್ಲದ ಫಂಕ್ಷನ್ ಕಲ್ಪಿಸಿ ಬರೆಯುತ್ತದೆ, ನಾವು ಮಾಡೆಲ್ ದಡ್ಡ ಎಂದುಕೊಳ್ಳುತ್ತೇವೆ. ಸರ್ವರ್ ಶುರು ಮಾಡುವಾಗ ಕಾಂಟೆಕ್ಸ್ಟ್ ಉದ್ದವನ್ನು ಕನಿಷ್ಠ 8,192ಕ್ಕೆ ಏರಿಸಿ. 7ಬಿ ಮಾಡೆಲ್‌ಗೆ ಅದರಿಂದ ಹೆಚ್ಚಾಗುವ ರ‍್ಯಾಮ್ ಅರ್ಧ ಜಿಬಿಯೊಳಗೇ.

4.7 ಜಿಬಿ ಇಳಿಸುವುದಕ್ಕೆ ದಿನಕ್ಕೆ 1.5 ಜಿಬಿಯ ಪ್ಯಾಕ್ ಸಾಲದು. ಮಧ್ಯೆ ನಿಂತರೂ ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ಗೆಳೆಯರ ಯಂತ್ರದಲ್ಲಿ ಇದ್ದರೆ ಒಲ್ಲಾಮಾದ ‘ಮಾಡೆಲ್ಸ್’ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ನಕಲು ಮಾಡಿ ತಂದರೂ ನಡೆಯುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹತ್ತುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಇಷ್ಟಾದರೂ 7ಬಿ ಮಾಡೆಲ್‌ಗೆ ತಾನೇ ಓಡಾಡುವ ಕೆಲಸ ಒಪ್ಪಿಸಬೇಡಿ, ದಾರಿ ತಪ್ಪುತ್ತದೆ. ಏಡರ್ ಜೊತೆ ಕಟ್ಟಿ, ಒಂದು ಫೈಲ್ ಸೇರಿಸಿ, ಒಂದು ಫಂಕ್ಷನ್ ಬರೆಸಿಕೊಳ್ಳಿ. ಅಷ್ಟಕ್ಕೆ ಅದು ಸಾಕು.

ಕನ್ನಡ ಇರುವ ಕೋಡ್‌ನಲ್ಲಿ ಎಲ್ಲವೂ ಎಡವುವ ಜಾಗಗಳು

ಚೀಟಿ, ಎಸ್‌ಎಂಎಸ್, ರೈತರ ಹೆಸರು ಎಲ್ಲ ಕನ್ನಡದಲ್ಲಿ ಇರುವ ನಮ್ಮ ಕಡೆಯ ಕೆಲಸಕ್ಕೆ ಇದು ಬಹಳ ಮುಖ್ಯ. ಈ ನಾಲ್ಕೂ ಸಾಧನಗಳಿಗೆ ಅನ್ವಯಿಸುತ್ತದೆ.

ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಫೈಲ್ ಸರಿಯಾಗಿಯೇ ಇರುತ್ತದೆ. ‘ಕನ್ನಡ ಕೆಟ್ಟಿದೆ, ಸರಿ ಮಾಡು’ ಎಂದು ಸಹಾಯಕಕ್ಕೆ ಹೇಳಿದರೆ ಸರಿ ಇದ್ದದ್ದನ್ನು ನಿಜವಾಗಿಯೂ ಕೆಡಿಸುತ್ತದೆ. ಮೊದಲು ಎಡಿಟರ್ ಅಥವಾ ಬ್ರೌಸರ್‌ನಲ್ಲಿ ತೆರೆದು ನೋಡಿ.

ಏಡರ್, ಕ್ಲಾಡ್ ಕೋಡ್‌ನಂಥವು ತಿದ್ದುವುದು ‘ಈ ಸಾಲು ಹುಡುಕಿ ಆ ಸಾಲು ಹಾಕು’ ಎಂಬ ಕ್ರಮದಲ್ಲಿ. ಹುಡುಕುವ ಸಾಲು ಅಕ್ಷರಕ್ಕೆ ಅಕ್ಷರ ಹೊಂದಬೇಕು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಮಧ್ಯೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಸಂಕೇತ ಇರುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಕೂಡಿಸುವ ಸಂಕೇತ. ಮಾಡೆಲ್ ಅದನ್ನು ಬಿಟ್ಟು ಬರೆದರೆ ‘ಸಾಲು ಸಿಗಲಿಲ್ಲ’ ಎಂಬ ದೋಷ ಮತ್ತೆ ಮತ್ತೆ ಬಂದು ಟೋಕನ್ ಸುಡುತ್ತದೆ. ಕೊನೆಗೆ ಇಡೀ ಫೈಲನ್ನೇ ಹೊಸದಾಗಿ ಬರೆಯಲು ಹೊರಡುತ್ತದೆ. ಕನ್ನಡ ಪಠ್ಯವನ್ನೆಲ್ಲ ಪ್ರತ್ಯೇಕ ಜೇಸನ್ ಫೈಲ್‌ಗೆ ಸರಿಸಿ, ಕೋಡ್‌ನಲ್ಲಿ ಕೀ ಮಾತ್ರ ಇಡುವುದು ಖಾಯಂ ಪರಿಹಾರ.

ಹಳೆಯ ಡೇಟಾಬೇಸ್‌ನಲ್ಲಿ ನುಡಿಯ ಯೂನಿಕೋಡ್ ಅಲ್ಲದ ಪಠ್ಯ ಇದ್ದರೆ ಅದು ಲ್ಯಾಟಿನ್ ಅಕ್ಷರಗಳ ರಾಶಿಯಂತೆ ಕಾಣುತ್ತದೆ. ಎನ್‌ಕೋಡಿಂಗ್ ಕೆಟ್ಟಿದೆ ಎಂದು ಸಹಾಯಕ ತಾನೇ ತೀರ್ಮಾನಿಸಿ ಯುಟಿಎಫ್-8ಕ್ಕೆ ಬದಲಿಸಲು ಹೋದರೆ ಮೂಲವೂ ಕೈತಪ್ಪುತ್ತದೆ. ಯಾವ ಕಾಲಂ ನುಡಿಯದ್ದು, ಯಾವುದು ಯೂನಿಕೋಡ್ ಎಂದು ಸೂಚನೆಯ ಫೈಲಿನಲ್ಲಿ ಬರೆದಿಡಿ.

ಆ ಸೂಚನೆಯ ಫೈಲ್ ಪ್ರಾಜೆಕ್ಟ್‌ನ ಮೇಲ್ಮಟ್ಟದ ಫೋಲ್ಡರ್‌ನಲ್ಲಿರುತ್ತದೆ. ಕ್ಲಾಡ್ ಕೋಡ್‌ಗೆ ‘ಕ್ಲಾಡ್ ಡಾಟ್ ಎಂಡಿ’, ಕೋಡೆಕ್ಸ್‌ಗೆ ‘ಏಜೆಂಟ್ಸ್ ಡಾಟ್ ಎಂಡಿ’, ಜೆಮಿನಿಗೆ ‘ಜೆಮಿನಿ ಡಾಟ್ ಎಂಡಿ’. ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರಲಿ. ಇನ್ನೂ ಮೂರು ಸಾಲು ಅದರಲ್ಲಿ ಇರಬೇಕು. ಒಂದು, ಕನ್ನಡ ಎಸ್‌ಎಂಎಸ್‌ಗೆ ಮಿತಿ 70 ಅಕ್ಷರ. ಸಹಾಯಕ ಇಂಗ್ಲಿಷಿನ 160 ಎಂದುಕೊಂಡು ಬರೆದರೆ ಒಂದು ಸಂದೇಶಕ್ಕೆ ಮೂರರ ದುಡ್ಡು ಹೋಗುತ್ತದೆ. ಎರಡು, ಕನ್ನಡ ಹೆಸರನ್ನು ಉದ್ದ ನೋಡಿ ಕತ್ತರಿಸಬಾರದು. ‘ಕ್ಷ’ ಒಂದೇ ಕಂಡರೂ ಮೂರು ಯೂನಿಕೋಡ್ ಸಂಕೇತ, 9 ಬೈಟ್. ಮೂರು, ಚೀಟಿ ಮುದ್ರಿಸುವ ಥರ್ಮಲ್ ಪ್ರಿಂಟರ್‌ಗೆ ಕನ್ನಡ ಪಠ್ಯ ನೇರ ಕಳಿಸಬಾರದು, ಚಿತ್ರವಾಗಿ ಮಾಡಿ ಕಳಿಸಬೇಕು. ಆ ಚಿತ್ರವನ್ನು ಪಿಎಚ್‌ಪಿಯ ಚಿತ್ರ ಬರೆಯುವ ಲೈಬ್ರರಿ ಜಿಡಿಯಿಂದ ಮಾಡಿಸಿದರೆ ಸಾಮಾನ್ಯವಾಗಿ ಒತ್ತಕ್ಷರ ಜೋಡಣೆಯಾಗುವುದಿಲ್ಲ; ಅಕ್ಷರ ಸರಿಯಾಗಿ ಜೋಡಿಸುವ ಪ್ಯಾಂಗೋ ಲೈಬ್ರರಿ ಅಥವಾ ತೆರೆಯಿಲ್ಲದೆ ಓಡುವ ಕ್ರೋಮ್ ಬಳಸಲು ಹೇಳಿ.

ಸೂಚನೆ ಕನ್ನಡದಲ್ಲೇ ಕೊಟ್ಟರೂ ದೊಡ್ಡ ಮಾಡೆಲ್‌ಗಳಿಗೆ ತಿಳಿಯುತ್ತದೆ, ಟೋಕನ್ ಮಾತ್ರ ಇಂಗ್ಲಿಷಿಗಿಂತ ಹೆಚ್ಚು ಹೋಗುತ್ತದೆ. ಲ್ಯಾಪ್‌ಟಾಪ್‌ನ 7ಬಿಗೆ ಇಂಗ್ಲಿಷಿನಲ್ಲೇ ಹೇಳಿ.

ಹಾಗಾದರೆ ಯಾವುದು

ವಿದ್ಯಾರ್ಥಿಗಳು ಜೆಮಿನಿಯಿಂದ ಶುರು ಮಾಡಲಿ, ಚೆಕ್‌ಪಾಯಿಂಟ್ ಚಾಲೂ ಮಾಡಿಕೊಂಡು. ವೈವಾದಲ್ಲಿ ಪ್ರತಿ ಸಾಲಿಗೂ ಉತ್ತರಿಸಬೇಕಾದ್ದರಿಂದ ಮೊದಲು ವಿವರಣೆ ಕೇಳಿ, ಅರ್ಥವಾದ ಮೇಲೆ ಬರೆಸಿ. ಬೇರೆಯವರ ಹಳೆಯ ಕೋಡ್ ವಹಿಸಿಕೊಂಡವರು ಒಂದು ತಿಂಗಳು ಕ್ಲಾಡ್ ಕೋಡ್‌ನ ಚಂದಾ ತೆಗೆದುಕೊಂಡು ಪ್ಲಾನ್ ಮೋಡ್‌ನಲ್ಲೇ ಕೋಡ್ ಪೂರ್ತಿ ಓದಿಸಿ, ಅದರ ಟಿಪ್ಪಣಿಯನ್ನು ಸೂಚನೆಯ ಫೈಲಿಗೆ ಇಳಿಸಿಕೊಳ್ಳಲಿ. ಚಾಟ್‌ಜಿಪಿಟಿ ಚಂದಾ ಇದ್ದವರು ಇನ್ನೊಂದಕ್ಕೆ ದುಡ್ಡು ಹಾಕುವುದು ಬೇಡ, ಕೋಡೆಕ್ಸ್ ಸಾಕು. ವಿಂಡೋಸ್ ಆದರೆ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಓಡಿಸಿ, ಪ್ರಾಜೆಕ್ಟನ್ನೂ ಲಿನಕ್ಸ್ ಕಡೆಯ ಫೋಲ್ಡರ್‌ನಲ್ಲೇ ಇಡಿ, ಸಿ ಡ್ರೈವ್‌ನಲ್ಲಿಟ್ಟರೆ ಫೈಲ್ ಓದುವುದು ಬಹಳ ನಿಧಾನ. ತಾವೇ ಬರೆದ ಕೋಡ್ ಇರುವವರಿಗೆ, ಖರ್ಚು ಬಿಗಿ ಹಿಡಿಯಬೇಕಾದವರಿಗೆ ಏಡರ್.

ಸೊಸೈಟಿ, ಆಸ್ಪತ್ರೆ, ಬ್ಯಾಂಕಿನ ಕೆಲಸವಾದರೆ ಗಿರಾಕಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯದೆ ಯಾವ ಕ್ಲೌಡ್ ಸಾಧನವೂ ಬೇಡ. ಒಪ್ಪಿಗೆ ಸಿಕ್ಕರೂ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಇರುವ ಡೇಟಾಬೇಸ್ ನಕಲು ಆ ಫೋಲ್ಡರ್‌ನಲ್ಲಿ ಇರಬಾರದು. ಗಿಟ್‌ಇಗ್ನೋರ್‌ನಲ್ಲಿ ಹಾಕಿದ್ದೇವೆ ಎಂಬುದು ಸಾಲದು, ಅದು ಗಿಟ್‌ಗೆ ಮಾತ್ರ ತಡೆ. ಡಿಸ್ಕ್‌ನಲ್ಲಿ ಫೈಲ್ ಇದ್ದರೆ ಸಹಾಯಕ ಓದಬಲ್ಲದು. ಕ್ಲಾಡ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ಎನ್ವ್ ಫೈಲ್ ಓದುವುದನ್ನು ನಿರಾಕರಿಸುವ ನಿಯಮ ಬರೆಯಬಹುದು, ಏಡರ್‌ಗೆ ಏಡರ್‌ಇಗ್ನೋರ್, ಜೆಮಿನಿಗೆ ಜೆಮಿನಿಇಗ್ನೋರ್ ಇದೆ. ಆದರೂ ನಕಲು ಪ್ರತಿಯನ್ನು ಬೇರೆ ಡಿಸ್ಕ್‌ಗೆ ಸರಿಸಿ, ಸುಳ್ಳು ಹೆಸರು-ಸಂಖ್ಯೆಗಳ 50 ಸಾಲಿನ ಮಾದರಿ ಡೇಟಾ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿಸಿ. ಆ ಮಾದರಿಯಲ್ಲಿ ಒತ್ತಕ್ಷರ ಇರುವ ಉದ್ದ ಹೆಸರು, ಸೊನ್ನೆ ತೂಕದ ಚೀಟಿ, ಒಂದೇ ರೈತನ ಎರಡು ಖಾತೆ ಇರುವಂತೆ ನೋಡಿಕೊಳ್ಳಿ. ಬಿಲ್ಲಿನ ಲೆಕ್ಕ ತಪ್ಪುವುದು ಇಂಥ ಸಾಲುಗಳಲ್ಲೇ.